ಬ್ಯಾಂಕಿನ ಕಥೆ ವಾಪಸ್ ಕೇಳಲು ಬಂದವರು

ನಮ್ಮ ಇಂಗ್ಲಿಷ್ ಸರ್ ತೀರಿಕೊಂಡು ಮೂರು ತಿಂಗಳಾಯಿತು. ಆಳಂದದಲ್ಲಿ ಅವರ ಮನೆಯ ಮುಂದೆ ಶಾಮಿಯಾನಾ ಹಾಕಿ ಶಿವಗಣಾರಾಧನೆ ಮಾಡಿದ ದಿನ ಹಳೆಯ ವಿದ್ಯಾರ್ಥಿಗಳು ಬಹಳ ಜನ ಸೇರಿದ್ದೆವು. ಊಟಕ್ಕೆ ಕೂತ ಪಂಕ್ತಿಯಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು ಎಂದು ನೀವು ಅಂದುಕೊಂಡರೆ ತಪ್ಪು. ನಾವು ನಗುತ್ತಿದ್ದೆವು. ಬಡಿಸಲು ಬಂದವರು ಎರಡು ಸಲ ನಮ್ಮನ್ನು ಗುರಾಯಿಸಿ ನೋಡಿ ಹೋದರು. ನಗದೆ ಏನು ಮಾಡುವುದು, ಒಬ್ಬೊಬ್ಬರೂ ಹೇಳುತ್ತಿದ್ದುದು ಒಂದೇ ಸಂಗತಿ. ನಿವೃತ್ತಿಯಾದ ಮೇಲೆ ಸರ್ ಒಂದು ದಿನ ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತರು, "ನಾ ನಿನಗ ಕಲಿಸಿದ್ದು ತಪ್ಪದ" ಅಂದರು, ಒಂದು ತಂಬಿಗೆ ನೀರು ಕುಡಿದು ಮುಂದಿನ ಬಸ್ಸಿಗೆ ಹೋದರು.

ನನ್ನ ಸರದಿ ಬಂದಾಗ ನಾನೂ ಹೇಳಿದೆ. ಅಫಜಲಪುರದ ನನ್ನ ಶಾಲೆಗೆ ಅವರು ಬಂದದ್ದು, ಸ್ಟಾಫ್ ರೂಮಿನಲ್ಲಿ ಚಹಾ ಕುಡಿದದ್ದು, ಎಲ್ಲ ಹೇಳಿದೆ. ಆದರೆ ಪೂರ್ತಿ ಹೇಳಲಿಲ್ಲ. ಅವತ್ತು ನಾನೊಂದು ಸುಳ್ಳು ಹೇಳಿದ್ದೆ. ಅದನ್ನು ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತ ಹೇಳುವುದು ನನಗೆ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸರ್ ಎಂದರೆ ನಮಗೆ ಎತ್ತರದ, ಒಣಕಲು ಆಳು. ಬಿಳಿ ಅಂಗಿ. ಕತ್ತಿನ ಹಿಂದೆ, ಕಾಲರಿನ ಒಳಗೆ ಮಡಚಿ ಸಿಕ್ಕಿಸಿದ ಕರವಸ್ತ್ರ. ನಮ್ಮ ಆಳಂದದ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಆ ಕರವಸ್ತ್ರ ತೊಯ್ದು ತೊಪ್ಪೆಯಾಗಿರುತ್ತಿತ್ತು, ಅದನ್ನು ಹಿಂಡಿ ಕಿಟಕಿಯ ಸರಳಿಗೆ ಒಣಹಾಕಿಯೇ ಅವರು ನಾಲ್ಕನೇ ಪಿರಿಯಡ್ಡಿನ ಪಾಠ ಶುರು ಮಾಡುತ್ತಿದ್ದರು. ಹೊಡೆಯುತ್ತಿರಲಿಲ್ಲ. ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ ಬೈಯುತ್ತಿದ್ದರು, ನಮಗೆ ಅರ್ಥವಾಗುತ್ತಿರಲಿಲ್ಲ, ಹೀಗಾಗಿ ಯಾರಿಗೂ ಬೇಜಾರಿರಲಿಲ್ಲ.

ಅವರಿಗೆ ನಾವಿಟ್ಟ ಹೆಸರು 'ಯಾವೂರ್ ಸರ್'. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರಾದರೂ ಕೂತರೆ ಮೊದಲ ಮಾತು 'ಯಾವೂರ್ರಿ ನಿಮ್ದು?' ಎನ್ನುವುದು. ಎರಡನೆಯದು 'ಯಾರ ಮನ್ಯಾಗಿನವರು?'. ಇಷ್ಟು ಗೊತ್ತಾಗದೆ ನಾವು ಯಾರಿಗೂ ಶೇಂಗಾ ಕೂಡ ಕೊಡುವುದಿಲ್ಲ. ಸರ್ ಇದೇ ಪ್ರಶ್ನೆಯನ್ನು ಶಬ್ದಗಳಿಗೆ ಕೇಳುತ್ತಿದ್ದರು. ಕುರ್ಚಿಯ ಬೆನ್ನಿಗೆ ಬಡಿದು, "ಏ ಕುರ್ಚಿ, ನಿಂದು ಯಾವೂರು?" ಎನ್ನುವರು. ತಾವೇ ಕುರ್ಚಿಯ ಪರವಾಗಿ ಸಣ್ಣ ದನಿ ತೆಗೆದು, "ಅರಬಸ್ತಾನ್ರಿ ಸರ್" ಎನ್ನುವರು. ದವಾಖಾನೆ, ಜಮೀನು, ಕಾಗದ ಎಲ್ಲ ಹೊರ ಊರಿನಿಂದ ಬಂದು ನಮ್ಮಲ್ಲೇ ಮನೆ ಕಟ್ಟಿಕೊಂಡವರು, ಅವರನ್ನು ಕೇಳದೆ ಬಿಡಬಾರದು ಎಂಬುದು ಅವರ ವಾದ. ಶಬ್ದದ ಅರ್ಥ ಹೇಳಿದವನಿಗೆ 'ಕೆಳಗ ಕೂಡು' ಎನ್ನುತ್ತಿದ್ದರು. ಊರು ಹೇಳಿದವನಿಗೆ ಮಾತ್ರ ಶಹಬ್ಬಾಸ್.

ಇನ್ನೊಂದು ಪದ್ಧತಿಯಿತ್ತು, ಅದು ಜಿಲ್ಲೆಯಲ್ಲೇ ಬೇರೆಲ್ಲೂ ಇರಲಿಕ್ಕಿಲ್ಲ. ಅವರ ಕಿರುಪರೀಕ್ಷೆಯಲ್ಲಿ ಉತ್ತರ ತಪ್ಪು ಬರೆದರೆ ಸೊನ್ನೆ, ಖಾಲಿ ಬಿಟ್ಟರೂ ಸೊನ್ನೆ. ಆದರೆ 'ಗೊತ್ತಿಲ್ಲ' ಎಂದು ಬರೆದರೆ ಅರ್ಧ ಮಾರ್ಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪುವುದು ಅರ್ಧ ವಿದ್ಯೆ ಎನ್ನುತ್ತಿದ್ದರು. ನಮ್ಮ ವರ್ಗದಲ್ಲಿ ಜೇವರ್ಗಿ ಕಡೆಯ ಹುಡುಗನೊಬ್ಬ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಅವನು ಒಂದು ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಪ್ರಶ್ನೆಗೂ 'ಗೊತ್ತಿಲ್ಲ' ಎಂದು ದುಂಡಗೆ ಬರೆದು, ಕೆಳಗೆ ಗೆರೆ ಎಳೆದು ಕೊಟ್ಟ. ಸರ್ ಕನ್ನಡಕ ತೆಗೆದು ಹಾಕಿ ಮತ್ತೆ ತೆಗೆದರು. ಕೊನೆಗೆ ಹತ್ತು ಮಾರ್ಕು ಕೊಟ್ಟು ಪಾಸು ಮಾಡಿದರು. ನಾನು ರಾತ್ರಿಯೆಲ್ಲ ಓದಿ, ತಲೆ ಕೆರೆದು ಉತ್ತರ ಬರೆದು ತೆಗೆದದ್ದು ಒಂಬತ್ತು. ಆ ಹೊಟ್ಟೆಯುರಿ ನನಗೆ ಇನ್ನೂ ಪೂರ್ತಿ ಆರಿಲ್ಲ.

ಈಗ ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ.

ಒಂಬತ್ತನೇ ತರಗತಿಯ ಪಾಠದಲ್ಲಿ ಒಬ್ಬ ಹುಡುಗ ಹೊಳೆಯ ಬ್ಯಾಂಕಿನ ಮೇಲೆ ಕೂತು ಮೀನು ಹಿಡಿಯುತ್ತಿದ್ದ. ನಮಗೆ ಗೊತ್ತಿದ್ದ ಬ್ಯಾಂಕು ಒಂದೇ, ಅದು ಬಸ್ ಸ್ಟ್ಯಾಂಡಿನ ಹಿಂದೆ ಇತ್ತು. ಅದರ ಮೇಲೆ ಹತ್ತಿ ಕೂತರೆ ಮ್ಯಾನೇಜರು ಸುಮ್ಮನೆ ಬಿಡುತ್ತಾನೆಯೇ ಎಂದು ಯಾರೋ ಕೇಳಿದರು. ಸರ್ ಪುಸ್ತಕ ಮುಚ್ಚಿದರು. ಪುಸ್ತಕ ಮುಚ್ಚಿದರೆಂದರೆ ನಮಗೆ ಹಬ್ಬ.

ಸೀಮೆಸುಣ್ಣ ತೆಗೆದುಕೊಂಡು ಬಗ್ಗಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ನೆಲದ ಮೇಲೆ ಎರಡು ಗೆರೆ ಎಳೆದರು. ಅದು ಹೊಳೆ. ನಾವು ನೋಡಿದ ಹೊಳೆ ಭೀಮೆಯೊಂದೇ, ಹಾಗಾಗಿ ಇಂಗ್ಲೆಂಡಿನ ಆ ಹೊಳೆಯೂ ಭೀಮೆಯೇ ಆಯಿತು. ಹಿಂದಿನ ಕಾಲದಲ್ಲಿ ವ್ಯಾಪಾರಸ್ಥರೆಲ್ಲ ದೋಣಿಯಲ್ಲಿ ಬರುತ್ತಿದ್ದರಂತೆ. ದೂರದ ದೇಶದವರ ನಾಣ್ಯ ಈ ದೇಶದಲ್ಲಿ ನಡೆಯುತ್ತಿರಲಿಲ್ಲ. ಅದಕ್ಕೆ ದೋಣಿ ನಿಲ್ಲುವ ಜಾಗದಲ್ಲೇ, ಹೊಳೆಯ ದಂಡೆಯ ಮೇಲೆ, ನಾಣ್ಯ ಬದಲಿಸಿ ಕೊಡುವ ಸರಾಫರು ಚಾಪೆ ಹಾಸಿಕೊಂಡು ಕೂಡುತ್ತಿದ್ದರಂತೆ. ಎಲ್ಲಿಗೆ ಹೊರಟೆ ಎಂದರೆ, ದಂಡೆಗೆ ಹೊರಟೆ ಎನ್ನುತ್ತಿದ್ದರಂತೆ ಜನ. ದಂಡೆ ಎಂದರೆ ಬ್ಯಾಂಕು. ಮುಂದೆ ಸರಾಫರು ಊರೊಳಗೆ ಬಂದು ಕಟ್ಟಡ ಕಟ್ಟಿದರು, ಹೊಳೆ ಹಿಂದೆ ಉಳಿಯಿತು, ಹೆಸರು ಮಾತ್ರ ಜೊತೆಗೆ ಬಂತು.

ಇದನ್ನು ಬರೀ ಹೇಳಲಿಲ್ಲ, ಆಡಿಸಿದರು. ನನ್ನನ್ನು ಅಂಬಿಗಿತ್ತಿ ಮಾಡಿ ಕೈಗೆ ಉದ್ದ ಸ್ಕೇಲು ಕೊಟ್ಟರು. ನಾನು ಹುಟ್ಟು ಹಾಕುತ್ತ ವ್ಯಾಪಾರಸ್ಥರನ್ನು ದಾಟಿಸುತ್ತಿದ್ದೆ. ದಡದ ಮೇಲಿದ್ದವರು "ವೇರ್ ಆರ್ ಯು ಗೋಯಿಂಗ್?" ಎಂದು ಕೂಗುವುದು, ದೋಣಿಯವರು "ಟು ದ ಬ್ಯಾಂಕ್!" ಎಂದು ಕೂಗುವುದು. ಪಕ್ಕದ ವರ್ಗದ ಗಣಿತದ ಮಾಸ್ತರರು ಎರಡು ಸಲ ಬಂದು ಇಣುಕಿ ಹೋದರು. ಅಲ್ಲಿಯವರೆಗೆ ಇಂಗ್ಲಿಷ್ ಎಂದರೆ ನನಗೆ ಹೊಟ್ಟೆನೋವು ಬರುತ್ತಿತ್ತು. ಅವತ್ತು ಮನೆಗೆ ಹೋಗುತ್ತ, ನಾನೂ ಇಂಗ್ಲಿಷ್ ಟೀಚರ್ ಆಗುತ್ತೇನೆ ಎಂದು ನಿಶ್ಚಯ ಮಾಡಿದೆ. ಉತ್ಪ್ರೇಕ್ಷೆ ಅಲ್ಲ, ಆದೆ ಕೂಡ. ಬಿ.ಎಡ್.ನಲ್ಲಿ ಮಾದರಿ ಪಾಠ ಮಾಡುವಾಗ ಇದನ್ನೇ ಆಡಿಸಿ ಮೆಚ್ಚುಗೆ ಪಡೆದೆ. ಕೆಲಸಕ್ಕೆ ಸೇರಿದ ಮೇಲೆ ಪ್ರತಿ ವರ್ಷ ಒಂಬತ್ತನೇ ತರಗತಿಗೆ, ಪುಸ್ತಕದಲ್ಲಿ ಆ ಪಾಠ ಇರಲಿ ಬಿಡಲಿ, ನೆಲದ ಮೇಲೆ ಗೆರೆ ಎಳೆದೇ ಎಳೆಯುತ್ತಿದ್ದೆ.

ಸರ್ ನಿವೃತ್ತರಾದರು. ಮಗಳು ಅಪ್ಪನಿಗೆ ಹೊತ್ತು ಹೋಗಲಿ ಎಂದು ಶಬ್ದಗಳ ಮೂಲ ಹೇಳುವ ದಪ್ಪ ನಿಘಂಟೊಂದನ್ನು ತರಿಸಿಕೊಟ್ಟಳು. ಅವರ ಹೆಂಡತಿಯನ್ನು ನಾವು ಕಾಕು ಎನ್ನುತ್ತೇವೆ. ಕಾಕು ಹೇಳುವ ಪ್ರಕಾರ, ಸರ್ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಪೂಜೆಗೆ ಕೂತಂತೆ ಆ ಪುಸ್ತಕದ ಮುಂದೆ ಕೂತರಂತೆ. ಮೊದಲು ತೆಗೆದದ್ದು ತಮ್ಮ ಪ್ರೀತಿಯ ಬ್ಯಾಂಕನ್ನೇ. ಓದಿದವರು ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗಿ ನಿಂತರು. ಅವತ್ತು ರೊಟ್ಟಿ ಮುಟ್ಟಲಿಲ್ಲ. ಮರುದಿನವೂ ಅಷ್ಟಕ್ಕಷ್ಟೇ. ಮೂರನೆಯ ದಿನ ಕಾಕು ತಡೆಯಲಾರದೆ, ಏನಾಗಿದೆ, ಎದೆನೋವೋ ಏನೋ ಬಾಯಿ ಬಿಡಿ ಎಂದು ಕೇಳಿದಾಗ, ಸರಾಫರು ಹೊಳೆ ದಂಡೆಯ ಮೇಲೆ ಕೂತಿರಲಿಲ್ಲ ಎಂದರಂತೆ. ಇಷ್ಟಕ್ಕೇ ಮೂರು ದಿನ ರೊಟ್ಟಿ ಹಳಸಿತಲ್ಲ ಎಂದು ಕಾಕು ಮಾಡಿದ ಗಲಾಟೆಯನ್ನು ಓಣಿ ಪೂರ್ತಿ ಕೇಳಿತು.

ಆದರೆ ಸರ್‌ಗೆ ಅದು ಸಣ್ಣದಾಗಿರಲಿಲ್ಲ. ಎಷ್ಟೋ ವರ್ಷ, ಎಷ್ಟೋ ತಂಡಗಳಿಗೆ ಅವರು ಆ ಕಥೆ ಆಡಿಸಿದ್ದರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿಬಿಡಿ, ಎಲ್ಲರಿಗೂ ಮುಟ್ಟುತ್ತದೆ ಎಂದು ಮಗಳು ಹೇಳಿಕೊಟ್ಟಳು. ಸರ್ ಒಪ್ಪಲಿಲ್ಲ.

"ತಪ್ಪು ಎದುರಿಗೆ ನಿಂತು ಹೇಳೀನಿ," ಎಂದರಂತೆ. "ಖರೆ ಹೇಳೂ ಮುಂದ ಫೋನಿನ್ಯಾಗ ಅಡಗಿ ಕೂಡಲೇನು?"

ಹೀಗೆ ಸರ್ ಹೊರಟರು. ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ಒಂದು ನೋಟುಬುಕ್ಕು, ರೊಟ್ಟಿ ಗಂಟು, ನಂಚಿಕೊಳ್ಳಲು ಶೇಂಗಾ ಹಿಂಡಿ. ಸರ್ಕಾರಿ ಬಸ್ಸಿನಲ್ಲಿ ಹಿರಿಯರ ರಿಯಾಯಿತಿ. ಮೊದಲು ಆಳಂದದ ಊರೊಳಗಿನವರು. ತೊಗರಿ ವ್ಯಾಪಾರದ ಅಂಗಡಿಯವನು, ಔಷಧಿ ಅಂಗಡಿಯವನು, ತಹಶೀಲ್ ಕಚೇರಿಯ ಗುಮಾಸ್ತೆ. ಆಮೇಲೆ ಜಿಡಗಾ, ಆಮೇಲೆ ಸುತ್ತಲಿನ ಹಳ್ಳಿಗಳು. ಎಲ್ಲರಿಗೂ ಅದೇ ಮಾತು. ದುಡ್ಡಿನ ಬ್ಯಾಂಕು ಹೊಳೆಯಿಂದ ಬಂದದ್ದಲ್ಲ. ಇಟಲಿ ದೇಶದ ಪೇಟೆಯಲ್ಲಿ ಸರಾಫರು ಬೆಂಚು ಹಾಕಿಕೊಂಡು ಕೂಡುತ್ತಿದ್ದರು, ಅವರ ಭಾಷೆಯಲ್ಲಿ ಆ ಬೆಂಚಿಗೆ ಬಾಂಕಾ ಎನ್ನುತ್ತಾರೆ, ಅದೇ ಬ್ಯಾಂಕಾಯಿತು. ಹೊಳೆಯ ಬ್ಯಾಂಕು ಬೇರೆ. ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ.

ಕೇಳಿದವರು ಏನು ಮಾಡಬೇಕು? ಗುಮಾಸ್ತೆಗೆ ಕಥೆಯೇ ಮರೆತುಹೋಗಿತ್ತು. ಸರ್ ಪಾಪ ಮೊದಲು ತಪ್ಪು ಕಥೆಯನ್ನು ಪೂರ್ತಿ ನೆನಪು ಮಾಡಿಕೊಟ್ಟು, ಆಮೇಲೆ ಅದು ತಪ್ಪು ಎಂದು ಹೇಳಿ ಬಂದರು.

ಜೇವರ್ಗಿ ತಾಲೂಕಿನ ಹಳ್ಳಿಗೆ ಹೋದಾಗ ಮಾತ್ರ ಲೆಕ್ಕ ಕೆಟ್ಟಿತು. ಅಲ್ಲಿದ್ದವನು ನಮ್ಮ ಹತ್ತು ಮಾರ್ಕಿನ ಮಹಾಶಯ. ಈಗ ತೊಗರಿ, ಹತ್ತಿ ಬೆಳೆಯುವ ರೈತ, ಗ್ರಾಮ ಪಂಚಾಯಿತಿ ಸದಸ್ಯ. ಸರ್ ಅವರ ಕಾಲು ಮುಟ್ಟಿ, ಮನೆಯ ಮುಂದೆ ಬೇವಿನ ಗಿಡದ ಸುತ್ತ ಕಟ್ಟಿದ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿ, ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತರಿಸಿ, ಎಲ್ಲವನ್ನೂ ಗಮನವಿಟ್ಟು ಕೇಳಿದನಂತೆ. ಬೆಂಚಿಗೂ ಹೊಳೆ ದಂಡೆಗೂ ಏನೂ ಸಂಬಂಧ ಇಲ್ಲ ಎಂದು ಸರ್ ಮುಗಿಸಿದರು. ಅವನು ಭಜಿ ಅಗಿಯುತ್ತ ಕೂತ ಕಟ್ಟೆಯನ್ನು ಅಂಗೈಯಿಂದ ಬಡಿದ.

"ಸಂಬಂಧ ಯಾಕಿಲ್ರಿ ಸರ್? ನಾವೀಗ ಕುಂತಿದ್ದು ಕಟ್ಟಿ. ಅಲ್ಲಿ ಕೆರಿ ನೀರ ತಡದ ನಿಂತದಲ್ಲ, ಅದೂ ಕಟ್ಟಿ. ಮಣ್ಣ ಏರಿಸಿದ್ರ ಕಟ್ಟಿ ಆಗ್ತದ, ಅದರ ಮ್ಯಾಲ ಮನುಷ್ಯಾ ಕುಂತ ಅಂದ್ರ ಅದ ಬೆಂಚ್ ಆತು. ನಮಗ ಎರಡೂ ಒಂದ ಅವ. ಅವರಿಗಿ ಯಾಕ ಬ್ಯಾರೆ ಆಗ್ತಾವ?"

ಸರ್ ಬಾಯಲ್ಲಿದ್ದ ಭಜಿ ಹಾಗೇ ಉಳಿಯಿತಂತೆ. ಊಟಕ್ಕೆ ನಿಲ್ಲಿರಿ ಎಂದರೂ ನಿಲ್ಲದೆ ಆಳಂದಕ್ಕೆ ವಾಪಸ್ ಬಂದು, ಚಪ್ಪಲಿಯಲ್ಲೇ ಒಳಗೆ ಹೋಗಿ ನಿಘಂಟು ತೆಗೆದರು. ಮೊದಲ ಸಲ ಸಂಕಟದಲ್ಲಿ ಓದಿದವರು ಕೆಳಗಿನ ಸಣ್ಣ ಅಕ್ಷರ ನೋಡಿರಲಿಲ್ಲ. ಅಲ್ಲಿತ್ತು. ಬೆಂಚಿನ ಬ್ಯಾಂಕೂ ಹೊಳೆಯ ಬ್ಯಾಂಕೂ ಬಹಳ ಹಿಂದೆ, ಉತ್ತರದ ಯಾವುದೋ ಹಳೆಯ ಭಾಷೆಯಲ್ಲಿ, ಒಂದೇ ಬೇರಿನಿಂದ ಒಡೆದವು. ಎತ್ತರಿಸಿದ ಜಾಗ, ದಿಬ್ಬ, ಹಲಗೆ, ಇಂಥದೇ ಅರ್ಥದ ಬೇರು. ಒಂದು ಕವಲು ಉತ್ತರದಿಂದ ನೇರ ಇಂಗ್ಲಿಷಿಗೆ ಬಂದು ಹೊಳೆಯ ದಂಡೆಯಾಯಿತು. ಇನ್ನೊಂದು ಇಟಲಿಗೆ ಹೋಗಿ, ದುಡ್ಡು ಕಾಸು ಮಾಡಿಕೊಂಡು, ಸುತ್ತಿ ಬಳಸಿ ಅದೇ ಮನೆಗೆ ಬಂತು. ದಾಯಾದಿಗಳು ಒಂದೇ ಹೆಸರಿಟ್ಟುಕೊಂಡು ಒಂದೇ ಊರಲ್ಲಿದ್ದಾರೆ, ಪರಿಚಯವಿಲ್ಲ, ಅಷ್ಟೇ.

ಮರುದಿನ ಮತ್ತೆ ಜೇವರ್ಗಿ ಬಸ್ಸು. ನೀನು ಹೇಳಿದ್ದೇ ಸರಿ ಎಂದು ಆ ರೈತನಿಗೆ ಹೇಳಿಬರಲು. ಅವನು, ಹಾಗಾದರೆ ಉಳಿದ ಹತ್ತು ಮಾರ್ಕು ಈಗಲಾದರೂ ಕೊಡಿ ಎಂದನಂತೆ. ಸರ್ ಬಹಳ ವಿಚಾರ ಮಾಡಿ ಒಂದು ಕೊಟ್ಟರು. ಒಟ್ಟು ಹನ್ನೊಂದು.

ಇದರ ಪರಿಣಾಮ ಏನಾಯಿತೆಂದರೆ, 'ಏನೂ ಸಂಬಂಧವಿಲ್ಲ' ಎಂದು ಮೊದಲ ಸುತ್ತಿನಲ್ಲಿ ಹೇಳಿಬಂದವರಿಗೆಲ್ಲ ಇನ್ನೊಂದು ಸಲ ಹೋಗಿ, ಸಂಬಂಧವಿದೆ ಎಂದು ಹೇಳಬೇಕಾಯಿತು. ತೊಗರಿ ಅಂಗಡಿಯವನು ದೂರದಿಂದಲೇ ಸರ್ ಅವರನ್ನು ಕಂಡು ಎದ್ದು ನಿಂತು, "ಮತ್ತ ಬದಲಾತೇನ್ರಿ ಸರ್?" ಎಂದು ಕೇಳಿದನಂತೆ. ಕಾಕು ಮಾತ್ರ ಖುಷಿಯಾಗಿದ್ದರು. ನಿವೃತ್ತಿಯಾದ ಗಂಡಸರು ಮನೆಯಲ್ಲಿ ಕೂತು ಅಡುಗೆಮನೆಯ ಡಬ್ಬಿ ಎಣಿಸುತ್ತಾರೆ, ಇವರು ಊರೂರು ತಿರುಗುತ್ತ ಆರೋಗ್ಯವಾಗಿದ್ದಾರೆ ಎನ್ನುತ್ತಿದ್ದರು.

ಮೊದಲ ಸುತ್ತಿನಲ್ಲಿ ಅಫಜಲಪುರ ಉಳಿದುಹೋಗಿತ್ತು, ನನ್ನ ಶಾಲೆಗೆ ಅವರು ಬಂದದ್ದು ಈ ಎರಡನೇ ಸುತ್ತಿನಲ್ಲಿ, ಒಂದು ಮಂಗಳವಾರ ಮಧ್ಯಾಹ್ನ. ಎರಡು ಬಸ್ ಬದಲಿಸಿ ಬಂದಿದ್ದರು. ಕಾಲರಿನ ಹಿಂದಿನ ಕರವಸ್ತ್ರ ತೊಯ್ದಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ಅವರನ್ನು ಕಂಡು ನನಗೆ ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು, ಹತ್ತಿದ ಕೂಡಲೇ ಒಂಬತ್ತನೇ ತರಗತಿಯವಳಂತೆ ಎದ್ದು ನಿಂತೆ. ಸಹೋದ್ಯೋಗಿಗಳೆಲ್ಲ ಕುರ್ಚಿ ಕೊಡಲು ಬಂದರು. ಚಹಾ ಬಂತು. ಸರ್ ಬಸಿಗೆ ಬಗ್ಗಿಸಿಕೊಂಡು ಕುಡಿಯುತ್ತ, ಮೇಲೆ ನಾನು ಬರೆದದ್ದನ್ನೆಲ್ಲ ತಾವೇ ಹೇಳಿದರು. ಇಡೀ ಸ್ಟಾಫ್ ರೂಮು ನಗುತ್ತಿತ್ತು. ಭಜಿಯ ಭಾಗ ಬಂದಾಗ ಗಣಿತದ ಮೇಡಂ ಕಣ್ಣಲ್ಲಿ ನೀರು.

ಆಮೇಲೆ ಅವರು ಶಬ್ದದ ಎರಡು ಮನೆತನವನ್ನೂ ನನಗೆ ಬಿಡಿಸಿ ಹೇಳಿದರು. ದಂಡೆಯ ಮನೆತನದ್ದು ದಿಬ್ಬದ ಅರ್ಥ. ಒಲೆಯ ಕೆಂಡ ಆರದಿರಲಿ ಎಂದು ನಮ್ಮ ತಾಯಂದಿರು ಬೂದಿ ಒಟ್ಟಿ ಮುಚ್ಚುತ್ತಾರಲ್ಲ, ಇಂಗ್ಲಿಷಿನಲ್ಲಿ ಅದಕ್ಕೂ ಬ್ಯಾಂಕ್ ಮಾಡುವುದು ಎನ್ನುತ್ತಾರೆ. ವಿಮಾನ ತಿರುಗುವಾಗ ಒಂದು ಕಡೆ ವಾಲುತ್ತದಲ್ಲ, ಅದೂ ದಂಡೆಯ ಇಳಿಜಾರಿನಿಂದ ಬಂದ ಬ್ಯಾಂಕೇ. ಬೆಂಚಿನ ಮನೆತನದಲ್ಲಿ ದುಡ್ಡಿನದು ಹಿರಿಯಣ್ಣ. ಕೂಡಿಡುವ ಜಾಗ ಎಂಬ ಅರ್ಥ ಹುಟ್ಟಿದ ಮೇಲೆ ದವಾಖಾನೆಯ ರಕ್ತದ ಬ್ಯಾಂಕು, ನಮ್ಮ ಮಕ್ಕಳ ಪ್ರಶ್ನೆಗಳ ಬ್ಯಾಂಕು ಎಲ್ಲ ಬಂದವು. ಒಬ್ಬರ ಮೇಲೆ ಭರವಸೆ ಇಡುವುದಕ್ಕೂ ಅವರ ಮೇಲೆ ಬ್ಯಾಂಕ್ ಮಾಡುವುದು ಎನ್ನುತ್ತಾರೆ. ದಿವಾಳಿಗೆ ಇರುವ ಇಂಗ್ಲಿಷ್ ಶಬ್ದ ಬ್ಯಾಂಕ್ರಪ್ಟ್, ಅದರ ಮೂಲ 'ಮುರಿದ ಬೆಂಚು'. ದಿವಾಳಿಯಾದ ಸರಾಫನ ಬೆಂಚನ್ನು ಜನ ನಿಜವಾಗಿಯೂ ಮುರಿಯುತ್ತಿದ್ದರೇ ಎಂದು ವಿಜ್ಞಾನದ ಸರ್ ಕೇಳಿದರು. ನಮ್ಮ ಸರ್ ಬಸಿ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, "ಅದು ನನಗ ಗೊತ್ತಿಲ್ಲ" ಎಂದರು. ಅಷ್ಟು ಠೀವಿಯಿಂದ ಗೊತ್ತಿಲ್ಲ ಎಂದವರನ್ನು ನಾನು ನೋಡಿಲ್ಲ.

ಆ ಹೊಳೆಯ ಕಥೆ ನಿಮಗೆ ಯಾರು ಹೇಳಿದ್ದರು ಸರ್ ಎಂದು ನಾನು ಕೇಳಿದೆ.

"ಯಾರೂ ಹೇಳಿದ್ದಲ್ಲವ್ವ. ಕೆಲಸಕ್ಕ ಸೇರಿದ ಮೊದಲನೇ ವರ್ಷ ಒಬ್ಬ ಹುಡುಗ ಕೇಳಿದ. ನಿಂತಲ್ಲೇ ಹುಟ್ಟಿಸಿ ಹೇಳಿದೆ. ಕ್ಲಾಸೆಲ್ಲ ಬಾಯಿ ತಕ್ಕೊಂಡು ನೋಡ್ತು. ಮುಂದ ಎರಡು ಮೂರು ವರ್ಷ ಹೇಳೂದ್ರಾಗ ನನಗ ಖರೆ ಅನಸಾಕತ್ತು. ನಿಮಗೆಲ್ಲ 'ಗೊತ್ತಿಲ್ಲ' ಅಂದ್ರ ಅರ್ಧ ಮಾರ್ಕ್ ಕೊಟ್ಟೆ. ನನಗ ಆ ಮಾತ ಬಾಯಾಗ ಬರಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. ಉಳಿದವರದು ಚಿಂತೆಯಿಲ್ಲ, ಅವರು ತಪ್ಪು ತಿಳಿದರೆ ಅವರಷ್ಟಕ್ಕೆ ತಿಳಿದಿರುತ್ತಾರೆ, ನೀನು ಟೀಚರು, ನಿನ್ನಿಂದ ಅದು ಮುಂದೆ ಹೋಗುತ್ತದೆ ಎಂಬುದೇ ನನ್ನ ಭಯ ಎಂದರು.

"ನೀ ಮಕ್ಕಳಿಗೆ ಇದನ್ನ ಹೇಳಿದಿ ಏನವ್ವ?"

ಹಿಂದಿನ ಶನಿವಾರವಷ್ಟೇ ಹೇಳಿದ್ದೆ. ನೆಲದ ಮೇಲೆ ಗೆರೆ ಎಳೆದಿದ್ದೆ, ಹುಡುಗಿಯರು ದೋಣಿ ನಡೆಸಿದ್ದರು, ಟು ದ ಬ್ಯಾಂಕ್ ಎಂಬ ಕೂಗು ಮುಖ್ಯಗುರುಗಳ ಕೋಣೆಯವರೆಗೆ ಕೇಳಿತ್ತು. ಹನ್ನೆರಡು ವರ್ಷದಿಂದ ಹೇಳುತ್ತಲೇ ಬಂದಿದ್ದೆ. ಆದರೆ ಸರ್ ಮುಖ ನೋಡಿದೆ. ಅದಕ್ಕಿಂತ ಹೆಚ್ಚಾಗಿ, ಕಿವಿಗೊಟ್ಟು ಕೂತಿದ್ದ ಸಹೋದ್ಯೋಗಿಗಳ ಮುಖ ನೋಡಿದೆ. ಅವರ ನಡುವೆ ನಾನು ಶಬ್ದಗಳನ್ನು ಬಲ್ಲವಳು ಎಂದು ಹೆಸರು ಮಾಡಿದ್ದೆ.

"ಇಲ್ರಿ ಸರ್," ಎಂದೆ. "ಆ ಪಾಠ ಈಗಿನ ಪುಸ್ತಕದಾಗ ಇಲ್ಲ."

ಸರ್ ಮುಖ ಹಗುರವಾಯಿತು. ಒಂದು ಕಡೆಯಾದರೂ ಅದು ನಿಂತಿತಲ್ಲ, ಸಾಕು ಎಂದರು. ನೋಟುಬುಕ್ಕು ತೆಗೆದು ನನ್ನ ಹೆಸರಿನ ಮುಂದೆ ಗುರುತು ಹಾಕಲು ಪೆನ್ನು ಹುಡುಕಿದರು, ಸಿಗಲಿಲ್ಲ, ಇರಲಿ ಎಂದು ಚೀಲಕ್ಕೆ ಹಾಕಿಕೊಂಡರು. ನನ್ನ ಕೈಯಲ್ಲಿ ಪೆನ್ನಿತ್ತು. ಕೊಡಲು ಕೈ ಬರಲಿಲ್ಲ. ಗೇಟಿನವರೆಗೆ ಬಿಟ್ಟು ಬಂದೆ. ಪಾಠಗಳಿದ್ದವು, ಬಸ್ ಸ್ಟ್ಯಾಂಡಿನವರೆಗೆ ಹೋಗಲಿಲ್ಲ. ಅವತ್ತು ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂದಿತ್ತೆಂದರೆ ಎರಡು ರೊಟ್ಟಿ ಹರಿದವು.

ಆ ಸುಳ್ಳನ್ನು ಅವರೆದುರು ನಿಂತು ಒಪ್ಪಿಕೊಳ್ಳಬೇಕೆಂದು ಮುಂದೆ ಎರಡು ಸಲ ಆಳಂದಕ್ಕೆ ಹೋದೆ. ಎರಡೂ ಸಲ, ಸರ್ ನಿಮಗೊಂದು ಮಾತು ಹೇಳಬೇಕಿತ್ತು ಎಂದು ಶುರು ಮಾಡಿದೆ. ಒಂದು ಸಲ ಅವರು, ಮೊದಲು ಊಟ ಮಾಡು ಎಂದು ಕಾಕುವನ್ನು ಕರೆದರು. ಇನ್ನೊಂದು ಸಲ, 'ಟೇಬಲ್' ಎಂಬ ಶಬ್ದದ ಊರು ಗೊತ್ತೇನು ಎಂದು ಹೊಸ ಪುಟ ತೆಗೆದರು. ಅವರು ಬೇಕೆಂದೇ ಮಾತು ಮರೆಸುತ್ತಿದ್ದರು. ಅದು ನನಗೆ ಆಗಲೇ ಗೊತ್ತಿತ್ತು, ಯಾಕೆಂದರೆ ಅವರು ಬಂದುಹೋದ ಮರುದಿನವೇ ನನಗೆ ಎಲ್ಲ ತಿಳಿದಿತ್ತು.

ಮರುದಿನ ಬುಧವಾರ ಮೊದಲ ಪಿರಿಯಡ್ಡು ಒಂಬತ್ತನೇ ತರಗತಿಯದೇ. ನಾನು ಹಾಜರಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳು ಹೊಳೆಯ ಆಚೆ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು, ಮಾತಿನ ಮಲ್ಲಿ. ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜ ಸಿಕ್ಕಿದ್ದರು ಎಂದಳು. ಅಜ್ಜನ ಬಸ್ಸೂ ತಡ, ಈ ಹುಡುಗಿಯರ ಬಸ್ಸೂ ತಡ. ಯಾವೂರು, ಯಾವ ಶಾಲೆ, ಇಂಗ್ಲಿಷ್ ಯಾರು ಕಲಿಸುತ್ತಾರೆ ಎಂದೆಲ್ಲ ಕೇಳಿದರಂತೆ. ಆಮೇಲೆ, ಬ್ಯಾಂಕ್ ಎಂಬ ಶಬ್ದ ಯಾವೂರದು ಗೊತ್ತೇನು ಎಂದು ಕೇಳಿದರಂತೆ. ಗೊತ್ತಿಲ್ಲದೆ ಏನು? ನಾಲ್ಕು ಹುಡುಗಿಯರು ಅಲ್ಲೇ ಚಪ್ಪಲಿಯಿಂದ ಮಣ್ಣಲ್ಲಿ ಗೆರೆ ಎಳೆದು, ಛತ್ರಿಯನ್ನು ಹುಟ್ಟು ಮಾಡಿ, ಸರಾಫರ ಚಾಪೆಗೆ ಟವಲು ಹಾಸಿ, ಪೂರ್ತಿ ಆಡಿ ತೋರಿಸಿದರು. ಕಂಡಕ್ಟರುಗಳೂ ನಿಂತು ನೋಡಿದರಂತೆ. ದೋಣಿಗೆ ಒಬ್ಬ ವ್ಯಾಪಾರಸ್ಥ ಕಡಿಮೆ ಬಿದ್ದಾಗ ಅಜ್ಜ ತಾವೇ ಚೀಲ ಹಿಡಿದು ಬಂದು ದೋಣಿಯಲ್ಲಿ ನಿಂತರಂತೆ.

"ವೇರ್ ಆರ್ ಯು ಗೋಯಿಂಗ್ ಅಂದ್ವಿ ಮೇಡಂ, ನಮ್ಮೆಲ್ಲರಗಿಂತ ಜೋರ ಅವರ ಕೂಗಿದ್ರು, ಟು ದ ಬ್ಯಾಂಕ್ ಅಂತ," ಎಂದಳು. ವರ್ಗವೆಲ್ಲ ನಕ್ಕಿತು.

ಆಮೇಲೆ ಏನಂದರು ಎಂದು ಕೇಳಿದೆ.

"ಇದು ನಿಮ್ಮ ಮೇಡಂ ಹೇಳಿದ್ದೇನು ಅಂತ ಕೇಳಿದ್ರು. ಹೌದ್ರಿ ಅಂದ್ವಿ. ಭಾಳ ಚಂದ ಕಲಿಸ್ಯಾರ ಅಂದ್ರು. ಕಥಿ ಇನ್ನ ಮುಗದಿಲ್ಲ, ಉಳದದ್ದು ನಾಳೆ ನಿಮ್ಮ ಮೇಡಂ ಹೇಳ್ತಾರ ಅಂದು ಬಸ್ ಹತ್ತಿದ್ರು. ಉಳದದ್ದು ಏನ್ರಿ ಮೇಡಂ?"

ನಾನು ಹಾಜರಿ ಪುಸ್ತಕ ಮುಚ್ಚಿದೆ. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದೆ, ಏನೂ ಬರೆಯಲಾಗದೆ ಮತ್ತೆ ಮಕ್ಕಳ ಕಡೆ ತಿರುಗಿದೆ. ಹನ್ನೆರಡು ವರ್ಷದ ನೌಕರಿಯಲ್ಲಿ ಆ ಮಾತನ್ನು ನಾನು ಒಂದು ಸಲವೂ ಆಡಿರಲಿಲ್ಲ.

"ಶನಿವಾರ ನಾ ನಿಮಗ ಹೇಳಿದ್ದು ತಪ್ಪದ," ಎಂದೆ.

ಯಾರೂ ನಗಲಿಲ್ಲ. ಆ ಹುಡುಗಿ ಇನ್ನೂ ನಿಂತೇ ಇದ್ದಳು. ಇಟಲಿಯ ಪೇಟೆ, ಸರಾಫರ ಬೆಂಚು, ಕೆರೆಯ ಕಟ್ಟೆ, ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಗಂಟೆ ಹೊಡೆಯಿತು. ಅವಳಿಗೆ ಒಂದು ಅನುಮಾನ ಉಳಿದಿತ್ತು. ಇದೆಲ್ಲ ಆ ಅಜ್ಜನಿಗೆ ಗೊತ್ತಿತ್ತೇ ಎಂದು ಕೇಳಿದಳು. ಗೊತ್ತಿತ್ತು ಎಂದೆ.

"ಮತ್ತ ಅಲ್ಲೇ ಬಸ್ ಸ್ಟ್ಯಾಂಡಿನ್ಯಾಗ ಅವರ ಯಾಕ ಹೇಳಲಿಲ್ರಿ?"

"ಅದು ನನ್ನ ತಪ್ಪಿತ್ತವ್ವ," ಎಂದೆ. "ಅದಕ್ಕ ಹೇಳೂದು ನನಗ ಬಿಟ್ಟು ಹೋದ್ರು."